ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆಯೇ? ಗೂಡಿನ ಫೋಟೋಗಳ ಬಗ್ಗೆ ತಿಳಿಯಬೇಕಾದದ್ದು

ಬೇಸಿಗೆ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಹಕ್ಕಿಗಳ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಗೂಡಿನಲ್ಲಿ ಬಾಯ್ತೆರೆದು ಕೂತ ಪುಟ್ಟ ಮರಿಗಳ ಫೋಟೋ, ಕೆಳಗೆ ‘ಶುಭೋದಯ’. ಇನ್ನೊಂದು, ಎಚ್ಚರಿಕೆ: ‘ಕೆಳಗೆ ಬಿದ್ದ ಮರಿಯನ್ನು ಮುಟ್ಟಬೇಡಿ, ಮನುಷ್ಯರ ವಾಸನೆ ತಗುಲಿದರೆ ತಾಯಿ ಅದನ್ನು ಸೇರಿಸಿಕೊಳ್ಳುವುದಿಲ್ಲ.’

ಎರಡನೆಯದು ಸುಳ್ಳು. ಆದರೆ ಹಕ್ಕಿಗೆ ಹೆಚ್ಚು ತೊಂದರೆಯಾಗುವುದು ಮೊದಲನೆಯದರಿಂದ, ಅಂದರೆ ಆ ಫೋಟೋ ತೆಗೆಯಲು ಗೂಡಿನ ಹತ್ತಿರ ಹೋಗುವುದರಿಂದ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಎರಡು ವರ್ಷದ ಹಿಂದೆ ನಮ್ಮ ಮನೆಯ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ (ತಲೆ ಮೇಲೆ ಜುಟ್ಟಿರುವ ಬುಲ್‌ಬುಲ್) ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತ್ತು. ನಾನು ದಿನಕ್ಕೆ ಮೂರು ನಾಲ್ಕು ಸಲ ಎಲೆ ಸರಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ‘ಅಲ್ಲಿಗೆ ಹೋಗ್ಬೇಡ, ನಿನ್ನ ವಾಸನೆಗೆ ಅದು ಮತ್ತೆ ಬರಲ್ಲ’ ಎಂದು ಅಜ್ಜಿ ಹೇಳಿದರು. ‘ಅದೆಲ್ಲ ಮೂಢನಂಬಿಕೆ ಅಜ್ಜಿ’ ಎಂದು ನಾನು ವಿಜ್ಞಾನ ಹೇಳಿದೆ. ಆರನೇ ದಿನ ಬೆಳಿಗ್ಗೆ ಗೂಡು ಖಾಲಿಯಾಗಿತ್ತು. ಮಹಡಿಯ ಗೋಡೆಯ ಮೇಲೆ ಎರಡು ದಿನದಿಂದ ಒಂದು ಕಾಗೆ ಬಂದು ಕೂರುತ್ತಿತ್ತು.

ವಾಸನೆಯ ಕಥೆ ಏಕೆ ಸುಳ್ಳು?

ಹಕ್ಕಿಗಳಿಗೆ ವಾಸನೆಯೇ ತಿಳಿಯುವುದಿಲ್ಲ ಎಂದಲ್ಲ. ಕಿವಿ ಹಕ್ಕಿ, ಅಮೆರಿಕದ ಕೆಲವು ರಣಹದ್ದುಗಳು ವಾಸನೆ ಹಿಡಿದೇ ಆಹಾರ ಹುಡುಕುತ್ತವೆ. ಆದರೆ ಮನುಷ್ಯ ಮುಟ್ಟಿದ ಎಂಬ ಒಂದೇ ಕಾರಣಕ್ಕೆ ತಾಯ್ತಂದೆ ಹಕ್ಕಿಗಳು ಮರಿಯನ್ನು ತೊರೆಯುವುದಿಲ್ಲ.

ಇದಕ್ಕೆ ನೂರು ವರ್ಷಕ್ಕೂ ಮೀರಿದ ಪುರಾವೆ ಇದೆ. 1899ರಲ್ಲಿ ಡೆನ್ಮಾರ್ಕಿನ ಶಾಲಾ ಶಿಕ್ಷಕ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸೆನ್ ಹಕ್ಕಿಗಳ ಕಾಲಿಗೆ ನಂಬರು ಇರುವ ಅಲ್ಯೂಮಿನಿಯಂ ಉಂಗುರ ತೊಡಿಸಲು ಶುರುಮಾಡಿದರು. ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ಎಷ್ಟೋ ತಿಳಿವಳಿಕೆ ಈ ವಿಧಾನದಿಂದ ಬಂದದ್ದು. ತರಬೇತಿ ಪಡೆದ ಸಂಶೋಧಕರು ಗೂಡಿನ ಮರಿಗಳನ್ನೂ ಕೈಯಲ್ಲಿ ಹಿಡಿದು, ಉಂಗುರ ತೊಡಿಸಿ, ಮತ್ತೆ ಗೂಡಿಗೆ ಇಡುತ್ತಾರೆ. ತಾಯ್ತಂದೆ ಬಂದು ಎಂದಿನಂತೆ ಗುಟುಕು ಕೊಡುತ್ತವೆ.

ಹಾಗಾದರೆ ಬಿದ್ದ ಮರಿಯನ್ನು ಏನು ಮಾಡಬೇಕು?

ಮೊದಲು ಮರಿಯನ್ನು ಸರಿಯಾಗಿ ನೋಡಿ. ಮೈತುಂಬ ಪುಕ್ಕ ಬಂದು, ಬಾಲ ಮೋಟಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯಲು ಗೂಡು ಬಿಟ್ಟದ್ದು. ತಾಯ್ತಂದೆ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ನಾಯಿಗಳನ್ನು ದೂರವಿಡಿ, ದಾರಿಯ ಮಧ್ಯೆ ಇದ್ದರೆ ಎತ್ತಿ ಪಕ್ಕದ ಪೊದೆಯ ಮೇಲೆ ಕೂರಿಸಿ, ಅಷ್ಟು ಸಾಕು.

ಪುಕ್ಕವಿಲ್ಲದ, ಕಣ್ಣು ಬಿಡದ ಮರಿಯಾದರೆ ನಿಜವಾಗಿಯೂ ಬಿದ್ದದ್ದು. ಗೂಡು ಕೈಗೆಟುಕಿದರೆ ಮೆಲ್ಲಗೆ ಒಳಗಿಟ್ಟು ಬಂದುಬಿಡಿ. ಬಾಯಿಗೆ ನೀರು, ಹಾಲು ಹಾಕಬೇಡಿ. ಹಕ್ಕಿಯ ಉಸಿರಿನ ರಂಧ್ರ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು.

ಮುಟ್ಟಿದರೆ ತೊಂದರೆಯಿಲ್ಲ ಎಂದಮೇಲೆ ಫೋಟೋ ತೆಗೆದರೇನು?

ನಾನು ಎಡವಿದ್ದು ಇಲ್ಲೇ. ತೊಂದರೆ ಇರುವುದು ವಾಸನೆಯಲ್ಲಲ್ಲ, ಮತ್ತೆ ಮತ್ತೆ ಹೋಗುವುದರಲ್ಲಿ.

ಮೊದಲನೆಯದು, ಕಳ್ಳರ ಕಣ್ಣು. ಕಾಗೆ ಮತ್ತು ಕೆಂಬೂತ ಬೇರೆ ಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ನಾವು ಹೋದಾಗ ತಾಯಿಹಕ್ಕಿ ಗಾಬರಿಯಾಗಿ ಕೂಗುತ್ತಾ ಹಾರಿದರೆ ಗೂಡು ಎಲ್ಲಿದೆ ಎಂಬ ಸುಳಿವು ಸುತ್ತಲಿನವರಿಗೆಲ್ಲ ಸಿಗುತ್ತದೆ. ಒಳ್ಳೆಯ ಫೋಟೋಗಾಗಿ ಸರಿಸಿದ, ಮುರಿದ ರೆಂಬೆಗಳು ಆ ಗೂಡಿನ ಮರೆ ಮತ್ತು ನೆರಳು ಎರಡೂ ಆಗಿದ್ದವು.

ಎರಡನೆಯದು, ಬಿಸಿಲು. ಹೊಲದಲ್ಲಿ, ಒಣಗಿದ ಕೆರೆಯಂಗಳದಲ್ಲಿ ಕಾಣುವ ಉದ್ದ ಕಾಲಿನ ಟಿಟ್ಟಿಭ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಬಯಲಿನಲ್ಲಿ, ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಸುಡುಬಿಸಿಲಿನಲ್ಲಿ ತಾಯಿ ಅವುಗಳ ಮೇಲೆ ನಿಂತು ನೆರಳು ಕೊಡುತ್ತದೆ. ಹೊಟ್ಟೆಯ ಪುಕ್ಕ ನೀರಲ್ಲಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅಂದರೆ ಅದಕ್ಕೆ ಕಾವು ಕೊಡುವುದಷ್ಟೇ ಅಲ್ಲ, ಕಾವು ತಗ್ಗಿಸುವುದೂ ಕೆಲಸವೇ. ಅಲ್ಲಿ ನಾವು ಮೊಬೈಲ್ ಹಿಡಿದು ಹೊತ್ತು ಕಳೆದರೆ ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಹಕ್ಕಿ ತಲೆಯ ಮೇಲೆ ಕೂಗುತ್ತಾ ಎರಗುವ ವಿಡಿಯೋಗಳನ್ನು ನಾವು ತಮಾಷೆ ಎಂದು ಹಂಚುತ್ತೇವೆ. ಅದು ‘ಇಲ್ಲಿಂದ ಹೋಗು’ ಎನ್ನುತ್ತಿರುತ್ತದೆ.

ಮೂರನೆಯದು, ಹಸಿವು. ಪುಟ್ಟ ಮರಿಗಳಿಗೆ ದಿನವಿಡೀ ಗುಟುಕು ಬೇಕು. ನಾವು ಗೂಡಿನ ಪಕ್ಕ ನಿಂತಿದ್ದರೆ ತಾಯ್ತಂದೆ ಹುಳು ಕಚ್ಚಿಕೊಂಡು ದೂರದಲ್ಲೇ ಕಾಯುತ್ತವೆ.

ಗೂಡುಗಳು ಯಾರೂ ಹತ್ತಿರ ಹೋಗದಿದ್ದರೂ ಹಾಳಾಗುತ್ತವೆ ನಿಜ. ನಮ್ಮ ಮನೆಯ ಮೊಟ್ಟೆಗಳನ್ನು ಕಳೆದದ್ದು ನಾನೇ ಎಂದು ಸಾಬೀತು ಮಾಡಲಾರೆ. ಆದರೆ ಆ ಕಾಗೆಯ ಕೆಲಸವನ್ನು ಸುಲಭ ಮಾಡಿಕೊಟ್ಟೆ ಎಂಬುದನ್ನು ಅಲ್ಲಗಳೆಯಲೂ ಆಗುವುದಿಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ಜನರ ನಡುವೆಯೇ ಗೂಡು ಕಟ್ಟುತ್ತವಲ್ಲ?

ಹೌದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಮರಗಳಲ್ಲೇ ಮರಿ ಮಾಡುತ್ತವೆ. ಊರಿನವರು ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿರುವುದೂ ಉಂಟು. ಆದರೆ ಅಲ್ಲಿ ಗೂಡಿರುವುದು ಮರದ ತುದಿಯಲ್ಲಿ. ಜನ ಕೆಳಗೆ ತಮ್ಮ ಪಾಡಿಗೆ ಓಡಾಡುತ್ತಾರೆ, ಯಾರೂ ಗೂಡಿನೊಳಗೆ ಇಣುಕುವುದಿಲ್ಲ. ತಲೆಮಾರುಗಳಿಂದ ಬಂದ ಆ ನಂಬಿಕೆಯನ್ನು ನೋಡಿ, ಎಲ್ಲ ಹಕ್ಕಿಗಳೂ ಎಲ್ಲ ಕಡೆಯೂ ಹಾಗೇ ಸುಮ್ಮನಿರುತ್ತವೆ ಎಂದುಕೊಳ್ಳಬಾರದು.

ಕಾನೂನು ಏನು ಹೇಳುತ್ತದೆ?

ದೂರದಿಂದ ಹಕ್ಕಿಯ ಫೋಟೋ ತೆಗೆಯುವುದು ಅಪರಾಧವಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವಿವರಣೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸೇರಿದೆ.

ಹಾಗಾದರೆ ಫೋಟೋ ತೆಗೆಯುವುದು ಹೇಗೆ?

- ಗೂಡನ್ನು ಬಿಟ್ಟು ಹಕ್ಕಿಯನ್ನು ಹಿಡಿಯಿರಿ. ಹೂವಿನ ಮುಂದೆ, ನೀರಿನ ತಟ್ಟೆಯ ಮೇಲೆ, ತಂತಿಯ ಮೇಲೆ ಕೂತ ಹಕ್ಕಿ ಒಳ್ಳೆಯ ಚಿತ್ರವಾಗುತ್ತದೆ.
- ಮನೆಯಲ್ಲೇ ಗೂಡಿದ್ದರೆ ಮುಚ್ಚಿದ ಕಿಟಕಿಯ ಹಿಂದಿನಿಂದ ನೋಡಿ. ಪಿಕಳಾರ ಮೊಟ್ಟೆಯಿಟ್ಟು ಮರಿ ಹಾರುವವರೆಗೆ ಹೆಚ್ಚೆಂದರೆ ನಾಲ್ಕು ವಾರ.
- ಹಕ್ಕಿ ಒಂದೇ ಸಮನೆ ಕೂಗುತ್ತಿದ್ದರೆ, ಬಾಯಲ್ಲಿ ಹುಳು ಇದ್ದೂ ಗೂಡಿಗೆ ಹೋಗದಿದ್ದರೆ, ರೆಕ್ಕೆ ಮುರಿದಂತೆ ನಟಿಸುತ್ತಾ ನಿಮ್ಮನ್ನು ಬೇರೆ ಕಡೆ ಸೆಳೆಯುತ್ತಿದ್ದರೆ, ನೀವು ಆಗಲೇ ಅತಿ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ.
- ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಗಂಡುಹಕ್ಕಿ ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ.
- ಗೂಬೆ ಅಥವಾ ಅಪರೂಪದ ಹಕ್ಕಿ ಕಂಡರೆ ಜಾಗದ ಹೆಸರು, ಲೊಕೇಶನ್ ಹಂಚಬೇಡಿ. ಮಾಟಮಂತ್ರದ ನಂಬಿಕೆಗೆ ಗೂಬೆಗಳನ್ನು ಹಿಡಿದು ಮಾರುವವರು ಈಗಲೂ ಇದ್ದಾರೆ. ವಿಜ್ಞಾನಿಗಳೂ ಹವ್ಯಾಸಿಗಳೂ ಬಳಸುವ ಇ-ಬರ್ಡ್ ಜಾಲತಾಣ ಕೂಡ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಮರೆಮಾಡುತ್ತದೆ.

ಬಾಯ್ತೆರೆದ ಮರಿಗಳ ಫೋಟೋ ಬಂದಾಗ ಅದನ್ನು ಫಾರ್ವರ್ಡ್ ಮಾಡದಿರುವುದೂ ಒಂದು ಸಹಾಯ. ಅಂಥ ಚಿತ್ರಕ್ಕೆ ಹೃದಯದ ಇಮೋಜಿ ಹೆಚ್ಚಿದಷ್ಟೂ ಇನ್ನೊಬ್ಬರು ಇನ್ನೊಂದು ಗೂಡಿನ ಎಲೆ ಸರಿಸುತ್ತಾರೆ.

ನಮ್ಮ ಮಲ್ಲಿಗೆ ಬಳ್ಳಿಗೆ ಈ ವರ್ಷ ಮತ್ತೆ ಪಿಕಳಾರ ಬಂದಿತ್ತು. ಅಡುಗೆಮನೆ ಕಿಟಕಿಯಿಂದಲೇ ನೋಡಿದೆವು. ಗೂಡಿನೊಳಗೆ ಎಷ್ಟು ಮೊಟ್ಟೆ ಇದ್ದವು ಎಂದು ನಮಗೆ ತಿಳಿಯಲೇ ಇಲ್ಲ, ಆದರೆ ಎರಡು ಮರಿ ಹಾರಿದ್ದನ್ನು ಕಂಡೆವು. ಅಜ್ಜಿ ಹೇಳಿದ ಕಾರಣ ತಪ್ಪಾಗಿತ್ತು. ‘ಅಲ್ಲಿಗೆ ಹೋಗ್ಬೇಡ’ ಎಂದದ್ದು ಮಾತ್ರ ಸರಿಯಾಗಿತ್ತು.