ದುಭಾಷಿಯನ್ನು ದರ ಕೇಳಿ ಆರಿಸಬೇಡಿ



ಕಳೆದ ದೀಪಾವಳಿಗೆ ಗುತ್ತಲಕ್ಕೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಪಾನಿನ ಕಂಪನಿಯೊಂದರ ಪತ್ರವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ನನ್ನ ಮುಂದಿಟ್ಟ. ಏಜೆನ್ಸಿಯೊಂದು ಅತಿ ಕಡಿಮೆ ದರಕ್ಕೆ ಮಾಡಿಕೊಟ್ಟ ಅನುವಾದವದು. ಪ್ರಯಾಣದ ವೆಚ್ಚವನ್ನು ಕಂಪನಿಯೇ ಭರಿಸುವುದೆಂದು ಅದರಲ್ಲಿತ್ತು, ಮೂಲದಲ್ಲಿದ್ದುದು ತದ್ವಿರುದ್ಧ. ತಂದೆ ಗೋವಿನಜೋಳ ಮಾರಿದ ಹಣವೆಲ್ಲ ವಿಮಾನದ ಟಿಕೆಟ್ಟಿಗೆ ಹೋಯಿತು.

ತಪ್ಪು ಎಲ್ಲಿ ಆಯಿತೆಂಬುದನ್ನು ಜಪಾನಿ ಬಲ್ಲ ಪರಿಚಿತರೊಬ್ಬರು ಬಿಡಿಸಿ ಹೇಳಿದರು. ಆ ವಾಕ್ಯದಲ್ಲಿ ಕರ್ತೃಪದವೇ ಇರಲಿಲ್ಲ. ನಾವೂ 'ಊಟಕ್ಕೆ ಬನ್ನಿ' ಎನ್ನುವಾಗ 'ನೀವು' ಎಂಬುದನ್ನು ಬಿಡುತ್ತೇವೆ. ಕ್ರಿಯಾಪದದ ಪ್ರತ್ಯಯವೇ ಅದನ್ನು ಸೂಚಿಸುತ್ತದೆ. ಜಪಾನಿಯಲ್ಲಿ ಅಂಥ ಪುರುಷಪ್ರತ್ಯಯವಿಲ್ಲ, ಗೌರವರೂಪದಿಂದ ಊಹಿಸಬೇಕು. ಪತ್ರದಲ್ಲಿದ್ದ 'ಗೊಫುತಾನ್ ಇತದಾಕಿಮಾಸು' ಎಂಬುದರ ಅಕ್ಷರಾರ್ಥ, 'ತಾವು ಭರಿಸುವ ಉಪಕಾರವನ್ನು ನಾವು ಪಡೆಯುತ್ತೇವೆ' ಎಂದು. ಅಂದರೆ, ಹಣ ತೆರಬೇಕಾದವರು ನೀವು!

'ಮೊಬೈಲೇ ಅನುವಾದಿಸುತ್ತದೆ, ಮನುಷ್ಯನೇಕೆ?' ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಅದು ತಪ್ಪಿದರೆ ಉತ್ತರ ಕೊಡುವವರು ಯಾರು?

'ಹುಡುಗ ಎನ್-2 ಪಾಸಾಗಿದ್ದಾನೆ, ಸಾಕಲ್ಲವೇ?' ಎಂಬುದು ಇನ್ನೊಂದು ವಾದ. 1984ರಲ್ಲಿ ಆರಂಭವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ 2010ರಿಂದ ಎನ್-5ರಿಂದ ಎನ್-1ರವರೆಗೆ ಐದು ಹಂತಗಳಿವೆ. ಅದರಲ್ಲಿ ಓದಿ, ಕೇಳಿ, ಸರಿಯುತ್ತರ ಗುರುತಿಸಬೇಕು. ಮಾತನಾಡುವ ಪರೀಕ್ಷೆಯಿಲ್ಲ, ಅನುವಾದದ ಪರೀಕ್ಷೆಯೂ ಇಲ್ಲ. ಆ ಪ್ರಮಾಣಪತ್ರ ಭಾಷೆ ಕಲಿತದ್ದಕ್ಕೆ ಸಾಕ್ಷಿ; ಅನುವಾದದ ಕಸುಬಿಗಲ್ಲ.

ಅನುವಾದಕ, ದುಭಾಷಿ ಇಬ್ಬರೂ ಒಂದೇ ಎಂಬುದೂ ಭ್ರಮೆ. ಅನುವಾದಕನಿಗೆ ನಿಘಂಟು ತೆರೆಯಲು ಸಮಯವಿದೆ. ದುಭಾಷಿಗೆ ಉಸಿರಾಡಲೂ ಇಲ್ಲ. ಸಭೆಯಲ್ಲಿ ಜಪಾನೀಯರು 'ಕೆಂತೋ ಶಿಮಾಸು', ಅಂದರೆ 'ಪರಿಶೀಲಿಸುತ್ತೇವೆ' ಎಂದರೆ, ಅನೇಕ ವೇಳೆ ಅದು ನಯವಾದ ನಿರಾಕರಣೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು 'ನೋಡೋಣ ತಗೋರಿ' ಎಂದು ಎದ್ದು ಹೋದರೆ ಮನೆಯವರಿಗೆ ಅರ್ಥವಾಗುವುದಿಲ್ಲವೇ? ಅದನ್ನು ಅರಿಯದವನು ದುಭಾಷಿಯಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಡಬ್ಬಿಯೋ ಕಡ್ಡಿಯೋ ಎಂದು ತಿಳಿದೇ ಕೊಳ್ಳುವ ನಾವು ಮಕ್ಕಳ ಭವಿಷ್ಯದ ಕಾಗದವನ್ನು ಮಾತ್ರ ದರ ಕೇಳಿ ಒಪ್ಪಿಸುತ್ತೇವೆ! 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಕುಶಲ ಕೆಲಸಗಾರರ ಕುರಿತು ಒಡಂಬಡಿಕೆ ಮಾಡಿಕೊಂಡಿವೆ. ಶುಶ್ರೂಷೆ, ಕೃಷಿ, ಕಟ್ಟಡ ನಿರ್ಮಾಣದಂಥ ಕೆಲಸಗಳಿಗೆ ದಾರಿ ತೆರೆದಿದೆ. ನಮ್ಮ ಹಳ್ಳಿಗಳ ಮಕ್ಕಳೂ ಇಂಥ ಕಾಗದಗಳಿಗೆ ಸಹಿ ಹಾಕುವವರೇ.

ಆದುದರಿಂದ, ಅನುವಾದಕನನ್ನು ಹುಡುಕುವಾಗ ದರ ಕೇಳುವ ಮೊದಲು ಮೂರು ಮಾತು ಕೇಳಿ: ಇಂಥದೇ ಕಾಗದಗಳನ್ನು ಹಿಂದೆ ಅನುವಾದಿಸಿದ್ದೀರಾ? ನಿಮ್ಮ ಕೆಲಸವನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆಯೇ? ಹೆಸರು, ಸಹಿ ಹಾಕಿ ಕೊಡುತ್ತೀರಾ? ಸಂದೇಹ ಬಂದಲ್ಲಿ ನಿಮ್ಮನ್ನೇ ತಿರುಗಿ ಪ್ರಶ್ನಿಸುವವನನ್ನು ನಂಬಿ; ಏನೂ ಕೇಳದವನಿಂದ ದೂರವಿರಿ.

ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದಾಗ 'ಇದರಿಂದೇನು ಪ್ರಯೋಜನ, ಸಾರ್?' ಎಂದು ನೀವು ನಗುತ್ತಿದ್ದಿರಿ. ಕರ್ತೃ ಯಾರೆಂದು ತಿಳಿಯದೆ ಒಂದು ಮನೆ ಸಾಲಕ್ಕೆ ಬಿದ್ದಿದೆ. ಈಗ ಹೇಳಿ.