ಚಳಿಗಾಲದ ಬೆಳಕು, ನಿಂತ ಮಗ್ಗ

ಡಿಸೆಂಬರ್ ಬಂತೆಂದರೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಮಾತು: 'ನಂದಿ ಬೆಟ್ಟಕ್ಕೆ ಯಾವಾಗ?' ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೈಕ್ ಹತ್ತುವುದು, ಬೆಟ್ಟದ ಬುಡದಲ್ಲಿ ವಾಹನಗಳ ಸಾಲಿನಲ್ಲಿ ನಡುಗುತ್ತಾ ನಿಲ್ಲುವುದು, ಕೊನೆಗೆ ಮೋಡದ ಮೇಲೆ ಹುಟ್ಟುವ ಸೂರ್ಯನ ಫೋಟೊ ತೆಗೆದು ವಾಪಸ್ ಬರುವುದು. ಕಳೆದ ವರ್ಷ ನನಗೂ ಆ ಆಸೆಯಿತ್ತು. 'ನಾಲ್ಕು ಗಂಟೆಗಾ? ಈ ಚಳೀಲಿ ಬೈಕಲ್ಲಾ? ಸುಮ್ನೆ ಮಲ್ಕೋ' ಎಂದು ಅಮ್ಮ ಅಲ್ಲಿಗೇ ಮುಗಿಸಿಬಿಟ್ಟರು.

ಹೋಗಿ ಬಂದವರ ಸ್ಟೇಟಸ್ ನೋಡಿದೆ. ಒಂಬತ್ತು ಜನ, ಒಂಬತ್ತು ಫೋಟೊ. ಎಲ್ಲದರಲ್ಲೂ ಅದೇ ಸೂರ್ಯ, ಅದೇ ಮೋಡ. ಯಾವುದು ಯಾರದೆಂದು ಹೇಳುವುದೇ ಕಷ್ಟ. ಹೊಟ್ಟೆಕಿಚ್ಚಿನ ಮಾತು ಅಂದುಕೊಳ್ಳಬೇಡಿ. ಸರಿ, ಸ್ವಲ್ಪ ಇತ್ತು. ಆದರೆ ಒಂದಿಡೀ ಚಳಿಗಾಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲೇ ಕ್ಯಾಮೆರಾ ಹಿಡಿದು ಓಡಾಡಿದ ಮೇಲೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ: ಫೋಟೊಗ್ರಫಿ ಕಲಿಯಲು ಬೆಟ್ಟ ಹತ್ತಬೇಕಿಲ್ಲ, ಹೊಸಿಲು ದಾಟಿದರೆ ಸಾಕು.

ಕ್ಯಾಮೆರಾ ನನ್ನದಲ್ಲ. ಚಿಕ್ಕಪ್ಪನ ಹಳೆಯ ಡಿಎಸ್‌ಎಲ್‌ಆರ್. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಬೆಳಕು ಬಿದ್ದರೆ ಫೋಟೊಡಯೋಡಿನಲ್ಲಿ ಕರೆಂಟ್ ಹರಿಯುತ್ತದೆ ಎಂದು ಬರೆದು ಮಾರ್ಕ್ಸ್ ತಗೊಂಡವಳು. ಆದರೆ ಬೆಳಕನ್ನು ನಿಂತು ನೋಡಿದ್ದು ಆ ಚಳಿಗಾಲದಲ್ಲೇ ಮೊದಲು.

ಚಳಿಗಾಲ ನಿಜಕ್ಕೂ ಒಳ್ಳೆಯ ಮೇಷ್ಟ್ರು. ಏಪ್ರಿಲ್‌ನಲ್ಲಿ ನಮ್ಮೂರಿನ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ನೆರಳು ಕಾಲಬುಡದಲ್ಲೇ ಮುದುಡಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನವೂ ಅವನು ದಕ್ಷಿಣಕ್ಕೆ ವಾಲಿ, ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಳಕು ಓರೆಯಾಗಿ ಬೀಳುವುದರಿಂದ ಗೋಡೆಯ ಒರಟು, ಕೈಯ ಗೆರೆ, ರಂಗೋಲಿ ಪುಡಿಯ ಏಣು ಎಲ್ಲವೂ ಎದ್ದು ಕಾಣುತ್ತವೆ. ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ನಾಲ್ಕಕ್ಕೆ ಅಲಾರಂ ಇಡುವ ಅಗತ್ಯವೂ ಇಲ್ಲ!

ಮೊದಮೊದಲು ತೆಗೆದ ಮಂಜಿನ ಫೋಟೊಗಳೆಲ್ಲ ಬೂದಿ ಬಣ್ಣಕ್ಕೆ ಬಂದವು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುಬೂದು ಎಂದು ಲೆಕ್ಕ ಹಾಕುತ್ತದೆ, ಹಾಗಾಗಿ ಬಿಳಿ ಮಂಜನ್ನೂ ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಒಂದು ಸ್ಟಾಪ್ ಏರಿಸಿದೆ, ಮಂಜು ಮಂಜಾಯಿತು. ಆಟೊ ವೈಟ್ ಬ್ಯಾಲೆನ್ಸ್ ಎಳೆ ಬಿಸಿಲಿನ ಹಳದಿಯನ್ನೆಲ್ಲ ತೊಳೆದುಹಾಕುತ್ತಿತ್ತು. ಡೇಲೈಟ್‌ಗೆ ಇಟ್ಟೆ. ಅಂಗಡಿಯ ಚಹಾದ ಹಬೆ ಕಾಣಬೇಕೆಂದರೆ ಬೆಳಕು ಲೋಟದ ಹಿಂದಿನಿಂದ ಬರಬೇಕು, ಅದರ ಹಿಂದೆ ಕತ್ತಲೆ ಇರಬೇಕು. ಇದನ್ನು ತಿಳಿಯಲು ನಾಲ್ಕು ದಿನ, ನಾಲ್ಕು ಚಹಾ ಖರ್ಚಾಯಿತು. ಜಗಲಿಯ ಬಿಸಿಲಿನಲ್ಲಿ ಕೂತು ಅಜ್ಜಿ ಅವರೆಕಾಳು ಹಿತುಕುವುದನ್ನು ಹತ್ತು ದಿನ ತೆಗೆದೆ. ಒಂಬತ್ತನೇ ದಿನ ಒಂದು ಚೆನ್ನಾಗಿ ಬಂತು. 'ನೀನೂ ಒಂದು ಬೊಗಸೆ ಹಿತುಕಿದ್ರೆ ಸಾರಾದ್ರೂ ಆಗೋದು' ಎಂದರು ಅಜ್ಜಿ.

ಹೀಗೆ ಸುತ್ತಲಿನ ಬದುಕನ್ನೇ ಜೀವಮಾನವಿಡೀ ತೆಗೆದವರು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳು ಹೆಸರಾದವು. ಅವರ ಕಪ್ಪು–ಬಿಳುಪು ಚಿತ್ರಗಳಲ್ಲಿ ಎಲ್ಲೂ ಅವಸರ ಕಾಣುವುದಿಲ್ಲ. ಎದುರಿಗಿರುವವರ ಮೇಲಿನ ಅಕ್ಕರೆ ಕಾಣುತ್ತದೆ. ಆ ಅಕ್ಕರೆ ಇಲ್ಲದೆ ಬರೀ ಬೆಳಕನ್ನು ಕಲಿತರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಾಗಿದ್ದು ನಮ್ಮ ಮನೆಯಲ್ಲೇ.

ನಮ್ಮ ಮನೆಯ ಹಿಂಭಾಗದಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಅಪ್ಪ ಸೀರೆ ನೇಯುತ್ತಾರೆ. ನಮ್ಮ ಬೀದಿಯಲ್ಲಿ ಹಗಲು ರಾತ್ರಿ ಖಟಖಟ ಸದ್ದು. ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಜನವರಿಯ ಒಂದು ಬೆಳಿಗ್ಗೆ ಹಿಂದಿನ ಕೋಣೆಗೆ ಹೋದರೆ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲೊಂದು ನೇರ ಮಗ್ಗದ ಮೇಲಿಳಿದಿತ್ತು. ಹಾಸಿನ ಎಳೆಗಳೆಲ್ಲ ಹೊಳೆಯುತ್ತಿದ್ದವು, ಬೆಳಕಿನಲ್ಲಿ ದೂಳಿನ ಕಣಗಳು ತೇಲುತ್ತಿದ್ದವು. ತೆಗೆದೆ. 'ಪ್ರಶಾಂತ' ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದೆ. ನಾನು ಅದುವರೆಗೆ ತೆಗೆದಿದ್ದರಲ್ಲೇ ಒಳ್ಳೆಯ ಫೋಟೊ ಅದು. ಸಂಜೆಯೊಳಗೆ ಇನ್ನೂರು ಲೈಕ್ ದಾಟಿತು.

ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. 'ಚೆನ್ನಾಗೈತೆ. ಆದ್ರೆ ಮಗ್ಗ ನಿಂತಿರೋದನ್ನ ಯಾಕಮ್ಮ ಊರಿಗೆಲ್ಲ ತೋರಿಸ್ತೀಯಾ?'

ಕೋಪವಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ನೇಯ್ದ ಸೀರೆಗಳು ಹೋಗಿರಲಿಲ್ಲ, ಹೊಸ ಆರ್ಡರ್ ಬಂದಿರಲಿಲ್ಲ. ಮಗ್ಗ ನಿಂತು ಹನ್ನೊಂದು ದಿನ ಆಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಆ ವಾರವೇ ಪರೀಕ್ಷೆ ಫೀಸು ಕೇಳಿದ್ದೆ, ಅಪ್ಪ 'ನೋಡೋಣ' ಎಂದಿದ್ದರು. ಆದರೂ ಕ್ಯಾಮೆರಾಕ್ಕೆ ಕಣ್ಣಿಟ್ಟಾಗ ನನಗೆ ಕಂಡದ್ದು ಬೆಳಕು ಮಾತ್ರ. ನಮ್ಮ ಮನೆಯ ಕಷ್ಟವನ್ನೇ ನಾನು ಪ್ರಶಾಂತ ಎಂದು ಕರೆದಿದ್ದೆ. ಇನ್ನು ಬೇರೆಯವರ ಮನೆಯದನ್ನು ಏನೆಂದು ಕರೆಯುತ್ತಿದ್ದೆನೋ!

ತೆಗೆದುಹಾಕಲಾ ಎಂದು ಕೇಳಿದೆ. 'ಇರ್ಲಿ ಬಿಡು. ಇರೋದನ್ನ ಬರಿ' ಎಂದರು. 'ಪ್ರಶಾಂತ' ಅಳಿಸಿ, 'ಮಗ್ಗ ನಿಂತು ಹನ್ನೊಂದು ದಿನ' ಎಂದು ಬರೆದೆ. ಆಮೇಲೆ ಲೈಕುಗಳೇನೂ ಹೆಚ್ಚಲಿಲ್ಲ. ಆದರೆ ನೇಕಾರರ ಮನೆಯ ಇಬ್ಬರು ಸಹಪಾಠಿಗಳು ಮೆಸೇಜ್ ಮಾಡಿದರು: 'ನಮ್ಮನೇಲೂ.' ಎರಡೂವರೆ ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದರೂ ನಾವು ಈ ಮಾತು ಆಡಿರಲಿಲ್ಲ.

ಅಂದಿನಿಂದ ಮೊದಲು ಮಾತಾಡಿಸುತ್ತೇನೆ, ಆಮೇಲೆ ಕ್ಲಿಕ್. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತಿದ್ದ ತಾತನೊಬ್ಬರ ಫೋಟೊ ಕೇಳಿದೆ. 'ನಂದ್ಯಾಕವ್ವ? ಒಸಿ ತಾಳು' ಎಂದು ಎದ್ದು, ತಮ್ಮ ಹಳ್ಳಿಕಾರ್ ಜೋಡಿಯ ಮೈಮೇಲಿನ ಗೋಣಿ ತೆಗೆದು, ನೆಟ್ಟಗೆ ನಿಲ್ಲಿಸಿದರು. 'ಇವನ್ನ ತೆಗಿ.' ನನಗೆ ಬೇಕಿದ್ದದ್ದು ಹೊಗೆ, ಸುಕ್ಕು, ಕಂಬಳಿ. ಅವರಿಗೆ ಬೇಕಿದ್ದದ್ದು ತಾವು ಸಾಕಿದ ಎತ್ತುಗಳ ಗತ್ತು. ಎರಡನ್ನೂ ತೆಗೆದೆ, ಎರಡನ್ನೂ ತೋರಿಸಿದೆ. ಎತ್ತಿನ ಫೋಟೊವನ್ನು ಮೊಮ್ಮಗನ ಮೊಬೈಲಿಗೆ ಕಳಿಸಿಕೊಂಡ ಮೇಲೆಯೇ ನನ್ನನ್ನು ಬಿಟ್ಟರು.

ಹಾಗಂತ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಚೆಂದದ ಫೋಟೊ ತೆಗೆದರೆ ತಪ್ಪೂ ಅಲ್ಲ. ಆದರೆ ಕಲಿಯುವುದೇ ಆದರೆ ಒಂದು ಚಳಿಗಾಲವನ್ನು ನಿಮ್ಮ ಬೀದಿಗೆ ಕೊಟ್ಟು ನೋಡಿ. ಮೊಬೈಲ್ ಇದ್ದರೂ ಸಾಕು, ಲೆನ್ಸನ್ನು ಒಮ್ಮೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಒಂದೇ ಜಾಗಕ್ಕೆ ಹತ್ತು ದಿನ ಹೋಗಿ. ದೃಶ್ಯ ತುಂಬಾ ಪ್ರಶಾಂತವಾಗಿ ಕಂಡರೆ, ಅಲ್ಲಿರುವವರನ್ನು ಒಂದು ಮಾತು ಕೇಳಿ.

ಸಂಕ್ರಾಂತಿ ಕಳೆದ ಮೇಲೆ ಆರ್ಡರ್ ಬಂತು. ಮಗ್ಗ ಓಡತೊಡಗಿದಾಗ ಮತ್ತೆ ಅದೇ ಕೋಣೆಯಲ್ಲಿ ಕ್ಯಾಮೆರಾ ಇಟ್ಟೆ. ನೆಲವೇ ಅದುರುತ್ತಿದ್ದರಿಂದ ಅಡಿಗೆ ಗೋಣಿಚೀಲ ಮಡಚಿ ಹಾಸಿದೆ. ಶಟರ್ ಸೆಕೆಂಡಿನ ಹದಿನೈದನೇ ಒಂದು ಭಾಗ. ಅಪ್ಪನ ಕೈ ಸ್ಪಷ್ಟವಾಗಿದೆ, ಲಾಳಿ ಮಾತ್ರ ಒಂದು ಬಿಳಿ ಗೆರೆ. ಅದನ್ನು ಯಾರೂ ಪ್ರಶಾಂತ ಎನ್ನಲಿಲ್ಲ. ಆದರೆ ಆ ರಾತ್ರಿ ಮಗ್ಗದ ಸದ್ದಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯ ನಿದ್ದೆ ಬಂತು.