ಹಲ್ಲು ಎಣಿಸಬೇಕಾದವರು ಯಾರು?



ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ಹಿರಿಯರ ಮಾತು. ಸರಿಯೇ. ತೆಗೆದುಕೊಂಡವರು ಕೊರತೆ ಹೇಳುವುದು ಚಂದ ಅಲ್ಲ. ಆದರೆ ಕೊಡುವವರಾದರೂ ಒಂದು ಸಲ ಎಣಿಸಿ ನೋಡಬೇಡ್ವಾ? ಇದು ನನ್ನ ಪ್ರಶ್ನೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕ್ರಿಸ್ಮಸ್ ಸಮಯದಲ್ಲಿ ಪೇಟೆಯ ಒಂದು ಶಾಲೆಯ ಮಕ್ಕಳು ನಮ್ಮಂಥ ಬಡಮನೆಯ ಮಕ್ಕಳಿಗೆ ಉಡುಗೊರೆ ಕೊಟ್ಟರು. ಒಂದು ಹಾಲ್‌ಗೆ ಬರಹೇಳಿ, ಹೆಸರು ಕರೆದು ಕೊಟ್ಟರು. ನನಗೆ ಸಿಕ್ಕಿದ್ದು ಚಕ್ರ ಇರುವ ಸ್ಕೂಲ್ ಬ್ಯಾಗು. ನಮ್ಮ ಮನೆಯ ದಾರಿ ನಿಮಗೆ ಗೊತ್ತುಂಟಲ್ಲ? ಗುಡ್ಡ ಇಳಿಯಬೇಕು, ತೋಟದ ಬದಿಯಲ್ಲಿ ನಡೆಯಬೇಕು, ಅಡಿಕೆ ಮರದ ಸಂಕ ದಾಟಬೇಕು. ಅಲ್ಲಿ ಚಕ್ರ ಎಲ್ಲಿ ತಿರುಗುತ್ತದೆ! ಹೆಗಲಿಗೆ ಹಾಕುವಾ ಅಂದರೆ ಖಾಲಿ ಬ್ಯಾಗೇ ಮಣಭಾರ. ಅಮ್ಮ ಅದರಲ್ಲಿ ಹಳೆ ಬಟ್ಟೆ ತುಂಬಿಸಿ ಅಟ್ಟಕ್ಕೆ ಹಾಕಿದರು. ಈಗಲೂ ಅಲ್ಲೇ ಇದೆ. ನನಗೆ ಬೇಕಿದ್ದದ್ದು ಮಳೆಗೆ ಪುಸ್ತಕ ಒದ್ದೆಯಾಗದ ಒಂದು ಚೀಲ, ಅಷ್ಟೇ.

ಫೋಟೋ ತೆಗೆಯುವಾಗ "ನಗು" ಅಂದರು. ನಕ್ಕೆ. ಆ ಫೋಟೋ ನೋಡಿದವರಿಗೆ ಉಡುಗೊರೆ ಸರಿಯಾಗಿದೆ ಅಂತಲೇ ಕಂಡಿರಬೇಕು.

ಆ ಮಕ್ಕಳನ್ನು ನಾನು ದೂರುವುದಿಲ್ಲ. ಪಾಕೆಟ್ ಮನಿ ಉಳಿಸಿ ಕೊಟ್ಟದ್ದಂತೆ. ಅವರ ಮನಸ್ಸು ಒಳ್ಳೆಯದೇ. ಆದರೆ ಒಬ್ಬರಾದರೂ ನಮ್ಮ ದಾರಿಯಲ್ಲಿ ಒಂದು ಸಲ ನಡೆದು ಬಂದಿದ್ದರೆ ಚಕ್ರದ ಬ್ಯಾಗು ತರುತ್ತಿರಲಿಲ್ಲ. ಒಳ್ಳೆಯ ಮನಸ್ಸು ಇದ್ದರೆ ಸಾಲದು, ಒಳ್ಳೆಯದನ್ನು ಮಾಡುವ ವಿಧಾನವನ್ನೂ ಮಕ್ಕಳಿಗೆ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಳೆದ ವರ್ಷ ನಮ್ಮ ಟೀಚರ್ ನೀತಿಪಾಠದ ಪಿರಿಯಡ್‌ನಲ್ಲಿ ಇದನ್ನೇ ಶುರು ಮಾಡಿದರು. "ಉಡುಗೊರೆಯನ್ನು ಡಿಸೈನ್ ಮಾಡಿ" ಅಂದರು. ಡಿಸೈನ್ ಅಂದರೆ ಸೀರೆಯ ಅಂಚು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಯಾರಿಗೆ, ಯಾವ ತೊಂದರೆಗೆ, ಹೇಗಿದ್ದರೆ ಉಪಯೋಗ ಅಂತ ಯೋಚಿಸಿ ಮಾಡುವುದಕ್ಕೆ ಡಿಸೈನ್ ಅನ್ನುತ್ತಾರೆ.

ನಮ್ಮ ಗುಂಪಿನ ಐದು ಜನ ಇಗರ್ಜಿಯ ಹಿಂದಿನ ಮನೆಯ ಅಜ್ಜಿಯ ಹತ್ತಿರ ಹೋದೆವು. ನಾವು ಅವರನ್ನು ಮಾಯ್ ಅನ್ನುತ್ತೇವೆ. ಕಂಬಳಿ ಕೊಡುವುದೆಂದು ಮೊದಲೇ ತೀರ್ಮಾನ ಮಾಡಿದ್ದೆವು. ಹೋಗಿ ನೋಡಿದರೆ ಮೂರು ಕಂಬಳಿ ಮಡಚಿ ಇಟ್ಟಿದ್ದಾರೆ! ಅರ್ಧ ಗಂಟೆ ಕೂತು ಮಾತಾಡಿದ ಮೇಲೆ ಅವರ ನಿಜವಾದ ಕಷ್ಟ ಗೊತ್ತಾಯಿತು. ಬಿಪಿ ಮತ್ತು ಶುಗರಿನ ಮಾತ್ರೆಗಳೆಲ್ಲ ಒಂದೇ ತೊಟ್ಟೆಯಲ್ಲಿ. ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು ಅಂತ ದಿನಾ ಯಾರನ್ನಾದರೂ ಕೇಳಬೇಕು.

ಆಶಾ ಕಾರ್ಯಕರ್ತೆಯ ಹತ್ತಿರ ಸರಿಯಾಗಿ ಕೇಳಿಕೊಂಡು, ಖಾಲಿ ಬೆಂಕಿಪೆಟ್ಟಿಗೆಗಳನ್ನು ಅಂಟಿಸಿ ಖಾನೆ ಮಾಡಿದೆವು. ಬೆಳಿಗ್ಗೆಗೆ ಕೆಂಪು, ರಾತ್ರಿಗೆ ನೀಲಿ ಕಾಗದ. ಮಾಯ್‌ಗೆ ಕಣ್ಣಿನ ಪೊರೆ. ಎರಡೂ ಒಂದೇ ಕಂಡಿತು. ಎರಡನೇ ಸಲ ರಟ್ಟಿನ ಸೂರ್ಯ, ಚಂದ್ರ ಅಂಟಿಸಿದೆವು. ಮುಟ್ಟಿ ತಿಳಿಯಿತು, ಆದರೆ ಗಂಟು ಹಿಡಿದ ಬೆರಳಿಗೆ ಪೆಟ್ಟಿಗೆ ಎಳೆಯಲಿಕ್ಕೆ ಬರಲಿಲ್ಲ. ಮೂರನೇ ಸಲ ಬೆಳಿಗ್ಗೆಯ ಪೆಟ್ಟಿಗೆಗೆ ತೆಂಗಿನ ನಾರಿನ ಹುರಿ, ರಾತ್ರಿಯದಕ್ಕೆ ಮೆತ್ತಗಿನ ಬಟ್ಟೆಯ ಪಟ್ಟಿ ಕಟ್ಟಿದೆವು. ಎಳೆಯಲಿಕ್ಕೂ ಆಯಿತು, ಗುರುತಿಗೂ ಆಯಿತು. "ಇನ್ನು ಯಾರನ್ನೂ ಕೇಳ್ಲಿಕ್ಕಿಲ್ಲ" ಅಂದರು ಮಾಯ್. ಆ ಬಟ್ಟೆಯ ಪಟ್ಟಿ ಹೇಳಿಕೊಟ್ಟದ್ದೂ ಅವರೇ, ನಾವಲ್ಲ. ಖರ್ಚು ಆದದ್ದು ಅಂಟಿಗೆ ಮಾತ್ರ.

ಇದು ಹೊಸ ವಿಚಾರವೇನಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಶುರು ಮಾಡಿದ ಸಂಘವೇ ಇಂದಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಬಡವರ ಮನೆಗೆ ತಾವೇ ಹೋಗಿ ಕಾಣುವುದು ಅವರ ಮುಖ್ಯ ಕೆಲಸ.

ನಮ್ಮ ದೇಶದ ಜೈಪುರ ಕಾಲನ್ನೇ ನೋಡಿ. ಹೊರದೇಶದ ಮಾದರಿಯ ಕೃತಕ ಕಾಲಿಗೆ ಬೂಟು ಬೇಕು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಕೂರಲು, ಕುಕ್ಕುರುಗಾಲಿನಲ್ಲಿ ಕೂರಲು, ಗದ್ದೆಯ ಕೆಸರಿನಲ್ಲಿ ನಡೆಯಲು ಆಗುತ್ತಿರಲಿಲ್ಲ. ಕಾಲೇನೋ ಒಳ್ಳೆಯದೇ, ನಮ್ಮ ರೈತನ ಬದುಕಿಗೆ ಆಗಿ ಬರಲಿಲ್ಲ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿ ಸೇರಿ ಬರಿಗಾಲಿನಲ್ಲೇ ನಡೆಯಬಹುದಾದ ರಬ್ಬರಿನ ಪಾದ ಮಾಡಿದರು. ಕಾಲು ಕಳೆದುಕೊಂಡವರು ಹೇಗೆ ಕೂರುತ್ತಾರೆ, ಹೇಗೆ ದುಡಿಯುತ್ತಾರೆ ಅಂತ ನೋಡಿದ್ದರಿಂದ ತಾನೆ ಅದು ಸಾಧ್ಯವಾದದ್ದು?

ಮಕ್ಕಳಿಂದ ಇದೆಲ್ಲ ಆಗುತ್ತದಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಅಹಮದಾಬಾದಿನ ಕಿರಣ್ ಬೀರ್ ಸೇಠಿ ಎಂಬ ಶಿಕ್ಷಕಿ 2009ರಲ್ಲಿ 'ಡಿಸೈನ್ ಫಾರ್ ಚೇಂಜ್' ಶುರು ಮಾಡಿದರು. ಕಷ್ಟವನ್ನು ಮನಸ್ಸಿಗೆ ತಂದುಕೊಳ್ಳುವುದು, ಉಪಾಯ ಕಲ್ಪಿಸುವುದು, ಮಾಡುವುದು, ಇತರರಿಗೆ ಹೇಳುವುದು - ಹೀಗೆ ನಾಲ್ಕು ಹೆಜ್ಜೆ. ಬೇರೆ ದೇಶಗಳ ಕಥೋಲಿಕ ಶಾಲೆಗಳೂ ಇದನ್ನು ತೆಗೆದುಕೊಂಡವು. 2019ರ ನವೆಂಬರಿನಲ್ಲಿ ಇಂಥ ಕೆಲಸ ಮಾಡಿದ ಅನೇಕ ದೇಶಗಳ ಮಕ್ಕಳು ರೋಮ್‌ನಲ್ಲಿ ಸೇರಿದಾಗ ಆಗಿನ ಪೋಪ್ ಫ್ರಾನ್ಸಿಸ್ ಅವರನ್ನು ಭೇಟಿಯಾದರು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಮನೆಗೆ ಹೋಗಿ ಕೇಳಿದರೆ ಅವರಿಗೆ ನಾಚಿಕೆ ಆಗುವುದಿಲ್ವಾ ಅಂತ ನನ್ನ ಗೆಳತಿಯೊಬ್ಬಳು ವಾದ ಮಾಡಿದಳು. ಒಪ್ಪುವ ಮಾತೇ. ಆದರೆ ನನ್ನ ಅನುಭವ ಹೇಳುತ್ತೇನೆ. ಮನೆಗೆ ಬಂದು ಜಗಲಿಯಲ್ಲಿ ಕೂತು ಕೇಳಿದರೆ ನಾಚಿಕೆ ಆಗುವುದಿಲ್ಲ. ಹಾಲ್‌ನಲ್ಲಿ ಹೆಸರು ಕರೆದರೆ ಆಗುತ್ತದೆ. ಹಾಗಾಗಿ ಕೇಳೋಣ, ಆದರೆ ಕ್ಯಾಮರಾ ಬೇಡ.

ಹಾಗಂತ ಎಲ್ಲದಕ್ಕೂ ಡಿಸೈನ್ ಮಾಡುತ್ತಾ ಕೂರಬೇಕೆಂದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಬೇಕಾಗಿದ್ದದ್ದು ತಕ್ಷಣ ಅಕ್ಕಿ, ಹೊದಿಕೆ, ಔಷಧಿ. ಹಸಿದವನಿಗೆ ಮೊದಲು ಅನ್ನ. ನಾನು ಹೇಳುವುದು ಪ್ರತಿ ವರ್ಷ ಸಮಯ ಇಟ್ಟುಕೊಂಡು ನಾವು ಕೊಡುವ ಉಡುಗೊರೆಗಳ ಬಗ್ಗೆ.

ಕ್ರಿಸ್ಮಸ್‌ಗೆ ಮೊದಲು ಆಗಮನ ಕಾಲದ ನಾಲ್ಕು ಭಾನುವಾರ ಬರುತ್ತವೆ. ಈ ವರ್ಷ ಹೀಗೆ ಮಾಡಿದರೆ ಹೇಗೆ?

1. ಮೊದಲ ವಾರ ಹೋಗಿ, ಕೂತು, ಕೇಳುವುದು. ಏನೂ ಕೊಡಬಾರದು.
2. ಎರಡನೇ ವಾರ ಒಂದೇ ಒಂದು ತೊಂದರೆ ಆರಿಸಿ ಉಪಾಯ ಯೋಚಿಸುವುದು.
3. ಮೂರನೇ ವಾರ ಕೈಯಾರೆ ಮಾಡಿ, ಅವರ ಕೈಗೇ ಕೊಟ್ಟು ಪರೀಕ್ಷೆ ಮಾಡುವುದು.
4. ನಾಲ್ಕನೇ ವಾರ ತಪ್ಪು ತಿದ್ದಿ ಕೊಡುವುದು.

ಇದು ಧರ್ಮಶಿಕ್ಷಣಕ್ಕೆ ಹೋಗುವ ಕ್ರೈಸ್ತ ಮಕ್ಕಳಿಗೆ ಮಾತ್ರ ಅಂತ ಬೇಡ. ನಮ್ಮ ಗುಂಪಿನ ಐದು ಜನರಲ್ಲಿ ಇಬ್ಬರು ಕ್ರೈಸ್ತರಲ್ಲ. ನಾರಿನ ಹುರಿ ಹೊಸೆದವನು ಅವರಲ್ಲೊಬ್ಬ.

ಕ್ರಿಸ್ಮಸ್ ಮುಗಿದು ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ಅದೇ ಮನೆಗೆ ಹೋಗಬೇಕು. ಉಡುಗೊರೆ ಕೈಯಲ್ಲಿದೆಯೋ, ಅಟ್ಟದಲ್ಲಿದೆಯೋ ನೋಡಬೇಕು. ಅಟ್ಟದಲ್ಲಿದ್ದರೆ ತಪ್ಪು ನಮ್ಮದು.

ನೀವೇನಂತೀರಿ? ಒಪ್ಪದಿದ್ದರೂ ಪರವಾಗಿಲ್ಲ, ನಿಮ್ಮ ಅಭಿಪ್ರಾಯ ಬರೆದು ಮುಂದಿನ ಸಂಚಿಕೆಗೆ ಕೊಡಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ